ಆಟದ ಅಂಗಳದಿಂದ ನ್ಯಾಯಸ್ಥಾನಕ್ಕೆ

ಆಟವು ವಿನೋದಕ್ಕಾಗಿ ಹುಟ್ಟಿದುದು. ವ್ಯಾಜ್ಯವು ಸ್ವತ್ತಿಗಾಗಿ ಹುಟ್ಟಿದುದು. ಆಟದಲ್ಲಿ ಸೋತವನು ಗೆದ್ದವನ ಬೆನ್ನು ತಟ್ಟಿ ಮನೆಗೆ ನಡೆದನೆಂದರೆ ಅಲ್ಲಿಗೆ ಎಲ್ಲವೂ ಮುಗಿಯಿತು. ಅದರಲ್ಲಿ ವಕೀಲರಿಗೆ ಏನು ಕೆಲಸವೆಂದು ನಮ್ಮ ವಾಚಕರಲ್ಲಿ ಹಲವರು ಕೇಳಬಹುದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಲೇಜುಗಳ ಕ್ರೀಡಾತಂಡಗಳಿಗೂ ಅವುಗಳನ್ನು ಆಳುವ ಸಂಘಗಳಿಗೂ ನಡುವೆ ನಡೆದಿರುವ ವ್ಯವಹಾರಗಳು ಆ ದೇಶದ ಶ್ರೇಷ್ಠ ನ್ಯಾಯಸ್ಥಾನದವರೆಗೂ ಹೋಗಿರುವುವು. ಕೋಟಿಗಟ್ಟಲೆ ಡಾಲರುಗಳ ಲೆಕ್ಕವೂ, ಓದಲು ಬಂದ ಹುಡುಗರ ಮೈಮುರಿದ ದುಡಿತವೂ, ಒಬ್ಬ ವಿಧವೆಯ ಮೊರೆಯೂ ಈ ಕಥೆಯಲ್ಲಿ ಸೇರಿರುವುವು. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಗೃಹಸ್ಥರು ಇದನ್ನು ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರಿದುದರಿಂದ ಅದರ ಮುಖ್ಯಾಂಶಗಳನ್ನು ಇಲ್ಲಿ ನಿರೂಪಿಸುವೆವು.

ಮೊದಲು ಆ ಆಟದ ಪರಿಚಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಹುಡುಗರು ಕಾಲಿನಿಂದ ಒದೆಯುವ ದುಂಡುಚೆಂಡಿನ ಆಟವಲ್ಲ. ಎರಡು ತುದಿಯೂ ಮೊನಚಾದ ಉದ್ದನೆಯ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವ, ಎದುರುಪಕ್ಷದವರು ಮೇಲೆ ಬಿದ್ದು ಕೆಡಹುವ, ಅರ್ಧ ಓಟವೂ ಅರ್ಧ ಮಲ್ಲಯುದ್ಧವೂ ಆದ ಆಟ. 1905ನೆಯ ವರುಷದ ಒಂದೇ ಋತುವಿನಲ್ಲಿ ಆ ಆಟದಿಂದ 18 ಮಂದಿಗೆ ಕಡಮೆಯಿಲ್ಲದೆ ಪ್ರಾಣ ಕಳೆದುಕೊಂಡರೆಂದು ಲೆಕ್ಕ. ಆಗ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳ ಪ್ರತಿನಿಧಿಗಳನ್ನು ತಮ್ಮ ಅರಮನೆಗೆ ಕರೆಸಿ, ಆಟವನ್ನು ತಿದ್ದಿಕೊಳ್ಳುವಂತೆ ಹೇಳಿದರು. ಮರುವರುಷ, 1906ರಲ್ಲಿ, ಕಾಲೇಜುಗಳೇ ಕೂಡಿ ಒಂದು ಸಂಘವನ್ನು ಕಟ್ಟಿಕೊಂಡುವು. ಅದಕ್ಕೆ 1910ರಲ್ಲಿ ಬಂದ ಹೆಸರೇ ಎನ್.ಸಿ.ಎ.ಎ. ಎಂಬುದು. ಹುಡುಗರ ಜೀವವನ್ನು ಉಳಿಸಬೇಕೆಂಬುದೇ ಈ ಸಂಘದ ಜನ್ಮಕಾರಣವೆಂಬುದನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಗೆಲ್ಲ ಇದೇ ಒರೆಗಲ್ಲು.

ಹಲವರು ಕೂಡಿ ತಮ್ಮ ಮೇಲೆ ತಾವೇ ಕಟ್ಟಳೆ ವಿಧಿಸಿಕೊಳ್ಳುವುದು ನಮಗೆ ಹೊಸದಲ್ಲ. ಶ್ರೇಣಿ, ನಿಗಮ, ಪೂಗ, ಗಣ ಮೊದಲಾದ ಸಮೂಹಗಳು ಮಾಡಿಕೊಂಡ ಇಂಥ ಕಟ್ಟಳೆಗೆ ನಮ್ಮ ಧರ್ಮಶಾಸ್ತ್ರಕಾರರು ‘ಸಮಯ’ವೆಂದು ಹೆಸರಿಟ್ಟರು. ಅದನ್ನು ಮೀರುವುದನ್ನು ಮನುವು ಸಂವಿದ್ವ್ಯತಿಕ್ರಮವೆಂದೂ ನಾರದನು ಸಮಯದ ಅನಪಾಕರ್ಮವೆಂದೂ ಕರೆದು ವ್ಯವಹಾರಪದಗಳಲ್ಲಿ ಸೇರಿಸಿರುವರು. ನಾರದನ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುವುದಾದರೆ ಇಷ್ಟು: ಸಮೂಹದ ಕಟ್ಟಳೆಯನ್ನು ದೊರೆಯು ಕಾಪಾಡಬೇಕು, ಆದರೆ ಅದು ಜನರಿಗೆ ಬಾಧಕವಾದರೆ ಅದನ್ನು ತಡೆಯಲೂ ಬೇಕು. ಎಲ್ಲಿಯವರೆಗೆ ಕಾಪಾಡಬೇಕು, ಎಲ್ಲಿಂದ ತಡೆಯಬೇಕು ಎಂಬುದೇ ಕಷ್ಟದ ಪ್ರಶ್ನೆ. ಅಮೆರಿಕದ ನ್ಯಾಯಾಧಿಪತಿಗಳು ಎದುರಿಸಿದುದೂ ಇದೇ ಪ್ರಶ್ನೆಯನ್ನು.

ದೂರದರ್ಶನವು ಬಳಕೆಗೆ ಬಂದ ಮೇಲೆ ಸಂಘದ ಸ್ವರೂಪವೇ ಮಾರ್ಪಟ್ಟಿತು. ಜನರು ಮನೆಯಲ್ಲಿಯೇ ಕುಳಿತು ಆಟವನ್ನು ನೋಡಿದರೆ ಅಂಗಳಕ್ಕೆ ಟಿಕೆಟು ಕೊಂಡು ಬರುವವರಾರು ಎಂಬ ಭಯದಿಂದ, ಯಾವ ಕಾಲೇಜು ಎಷ್ಟು ಆಟಗಳನ್ನು ಪ್ರಸಾರಕ್ಕೆ ಕೊಡಬಹುದೆಂದು ಸಂಘವೇ ಗೊತ್ತುಮಾಡತೊಡಗಿತು. 1951ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವು ಇದನ್ನು ಒಪ್ಪದೆ ತಾನಾಗಿ ಕರಾರು ಮಾಡಿಕೊಳ್ಳಲು ಹೊರಟಾಗ, ಸಂಘವು ಅದನ್ನು ಸತ್ಸದಸ್ಯರ ಪಟ್ಟಿಯಿಂದ ಹೊರಗಿಟ್ಟಿತು. ಅದರೊಡನೆ ಆಡುವುದಿಲ್ಲವೆಂದು ಇತರ ಕಾಲೇಜುಗಳು ಬೆದರಿಸಿದುವು. ಒಬ್ಬನೇ ಆಡುವ ಆಟವಲ್ಲವಷ್ಟೆ, ವಿಶ್ವವಿದ್ಯಾನಿಲಯವು ತಲೆಬಾಗಿತು. ನಮ್ಮ ಹಳ್ಳಿಗಳಲ್ಲಿ ನೀರು ಬೆಂಕಿ ನಿಲ್ಲಿಸುವುದೆಂದರೆ ಏನೆಂದು ಬಲ್ಲವರಿಗೆ ಈ ಶಿಕ್ಷೆಯ ಬಲವನ್ನು ವಿವರಿಸಬೇಕಾದುದಿಲ್ಲ.

ಮುಂದಿನ ಮೂವತ್ತು ವರುಷಗಳಲ್ಲಿ ಪ್ರಸಾರದ ಹಣವು ಹೊಳೆಯಾಗಿ ಹರಿಯಿತು. 1982ರಿಂದ ನಾಲ್ಕು ವರುಷಗಳಿಗೆ ಎ.ಬಿ.ಸಿ. ಮತ್ತು ಸಿ.ಬಿ.ಎಸ್. ಎಂಬ ಎರಡು ಕಂಪೆನಿಗಳೂ ತಲಾ 13 ಕೋಟಿ 17 ಲಕ್ಷ 50 ಸಾವಿರ ಡಾಲರುಗಳಿಗೆ ಕಡಮೆಯಿಲ್ಲದೆ ಕೊಡತಕ್ಕುದೆಂದು ಸಂಘವು ಗೊತ್ತುಮಾಡಿತು. ಎರಡು ವರುಷಗಳಲ್ಲಿ ಯಾವ ತಂಡವೂ ಆರು ಸಲಕ್ಕಿಂತ ಹೆಚ್ಚಾಗಿ ಪ್ರಸಾರದಲ್ಲಿ ಕಾಣಿಸಿಕೊಳ್ಳಕೂಡದು. ಅದರಲ್ಲಿಯೂ ದೇಶಕ್ಕೆಲ್ಲ ಕಾಣುವಂತೆ ನಾಲ್ಕು ಸಲಕ್ಕಿಂತ ಹೆಚ್ಚು ಕೂಡದು. 1981ರ ಒಂದು ವಾರಾಂತ್ಯದಲ್ಲಿ ಒಕ್ಲಹೋಮ ಹಾಗೂ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳ ಆಟವು 200 ನಿಲಯಗಳಿಂದ ಪ್ರಸಾರವಾಯಿತು. ಅದೇ ವಾರಾಂತ್ಯದಲ್ಲಿ ಸಿಟಡೆಲ್ ಮತ್ತು ಅಪಲಾಚಿಯನ್ ಎಂಬ ಎರಡು ಸಣ್ಣ ಕಾಲೇಜುಗಳ ಆಟವು ನಾಲ್ಕೇ ನಿಲಯಗಳಿಂದ ಪ್ರಸಾರವಾಯಿತು. ನಾಲ್ಕು ತಂಡಗಳಿಗೂ ದೊರೆತ ಹಣ ಮಾತ್ರ ಒಂದೇ. ಇದನ್ನು ಸಣ್ಣವರು ಸಮತೆಯೆಂದರು, ದೊಡ್ಡವರು ಸುಲಿಗೆಯೆಂದರು.

ಕಡೆಗೆ ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾನಿಲಯಗಳು ತಾವು ಸದಸ್ಯರಾಗಿರುವ ಸಂಘದ ಮೇಲೆಯೇ ದಾವೆ ಹೂಡಿದುವು. ವ್ಯಾಪಾರದಲ್ಲಿ ಪೈಪೋಟಿಯನ್ನು ಅಡಗಿಸುವ ಒಪ್ಪಂದಗಳನ್ನು ನಿಷೇಧಿಸುವ ಶರ್ಮನ್ ಕಾಯಿದೆಯೊಂದು ಆ ದೇಶದಲ್ಲಿ 1890ರಿಂದ ಉಂಟು. ಸಂಘವು ಬೆಲೆಯನ್ನು ಕಟ್ಟಿ, ಸರಕನ್ನು ತಡೆಹಿಡಿದು, ಈ ಕಾಯಿದೆಯನ್ನು ಮೀರಿದೆಯೆಂಬುದು ವಾದಿಗಳ ತಕರಾರು. 1984ರ ಜೂನ್ 27ರಂದು ಶ್ರೇಷ್ಠ ನ್ಯಾಯಸ್ಥಾನದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಈ ವಾದವನ್ನು ಒಪ್ಪಿದರು. ಆಟಕ್ಕೆ ಕೆಲವು ಸಮಾನ ನಿಯಮಗಳು ಇದ್ದೇ ತೀರಬೇಕು. ಆದರೆ ಪ್ರಸಾರದ ಬೆಲೆಯನ್ನೂ ಸಂಖ್ಯೆಯನ್ನೂ ಕಟ್ಟುವುದು ಅಂಥ ನಿಯಮವಲ್ಲ ಎಂದು ನ್ಯಾಯಾಧಿಪತಿ ಸ್ಟೀವನ್ಸರು ಬರೆದರು. ಒಪ್ಪದ ಇಬ್ಬರಲ್ಲಿ ಬೈರನ್ ವೈಟರು ಒಬ್ಬರು. ಇವರು ತಮ್ಮ ಯೌವನದಲ್ಲಿ ಕೊಲೊರಾಡೋ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ದೇಶವಿಖ್ಯಾತರಾಗಿ ಆಡಿದವರು. ಸಂಘದ ಉದ್ದೇಶವು ಬರಿಯ ವ್ಯಾಪಾರವಲ್ಲ, ಆಟವನ್ನು ವಿದ್ಯೆಗೆ ಅಧೀನವಾಗಿ ಇಡುವುದು. ಹಣವನ್ನು ಹಂಚುವುದೂ ಅದಕ್ಕಾಗಿಯೇ ಎಂಬುದು ಅವರ ಮತ. ಅಂಗಳದ ಧೂಳನ್ನು ಮೈಗೆ ಮೆತ್ತಿಕೊಂಡವರ ಮಾತೆಂದು ಅದನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು.

ಈ ದೊಡ್ಡ ವ್ಯವಹಾರದಲ್ಲಿ ವಾದಿಯು ಕಾಲೇಜು, ಪ್ರತಿವಾದಿಯು ಕಾಲೇಜುಗಳ ಸಂಘ. ಹಣ ಕೊಡುವವರು ಪ್ರಸಾರದ ಕಂಪೆನಿಗಳು. ಹಾಗಾದರೆ ಚೆಂಡನ್ನು ಹಿಡಿದು ಓಡಿದ ಹುಡುಗನೆಲ್ಲಿ? ಅವನ ಹೆಸರು ದಾವೆಯ ಕಾಗದದಲ್ಲಿ ಇಲ್ಲ. ಇದು ಆಕಸ್ಮಿಕವೂ ಅಲ್ಲ. 1955ರಲ್ಲಿ ಕೊಲೊರಾಡೋ ಸಂಸ್ಥಾನದ ಒಂದು ಕಾಲೇಜಿನ ಆಟಗಾರನು ತಲೆಗೆ ಪೆಟ್ಟು ಬಿದ್ದು ಮೃತನಾದನು. ಕೆಲಸದಲ್ಲಿ ಸತ್ತ ಕೂಲಿಗಾರನ ಕುಟುಂಬಕ್ಕೆ ಸಲ್ಲುವ ಪರಿಹಾರವು ತನಗೂ ಸಲ್ಲಬೇಕೆಂದು ಅವನ ಹೆಂಡತಿಯು ಮೊರೆಯಿಟ್ಟಳು. 1957ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವು, ಕಾಲೇಜು ಫುಟ್‌ಬಾಲಿನ ವ್ಯಾಪಾರವನ್ನು ನಡೆಸುತ್ತಿಲ್ಲವಾದುದರಿಂದ ಆಟಗಾರನು ಅದರ ನೌಕರನಲ್ಲವೆಂದು ತೀರ್ಮಾನಿಸಿತು. ಆಕೆಗೆ ಏನೂ ದೊರೆಯಲಿಲ್ಲ. ಇಂಥ ಮೊರೆಗಳನ್ನು ತಡೆಯುವುದಕ್ಕಾಗಿಯೇ ‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಜೋಡುನುಡಿಯನ್ನು ತಾವು ಬಳಕೆಗೆ ತಂದುದಾಗಿ, ಸಂಘವನ್ನು 1951ರಿಂದ ಮೂರುವರೆ ದಶಕಗಳಿಗೂ ಮಿಕ್ಕು ನಡೆಸಿದ ವಾಲ್ಟರ್ ಬಯರ್ಸರು 1995ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ತಾವೇ ಬರೆದಿರುವರು. ವ್ಯಾಕರಣದಲ್ಲಿ ಎರಡು ಪದಗಳು ಸೇರಿದರೆ ಸಮಾಸವಾಗುವುದು. ಇಲ್ಲಿ ಎರಡು ಪದಗಳು ಸೇರಿ ಒಂದು ಹಕ್ಕನ್ನು ಲೋಪಮಾಡಿದುವು. 1957ರಲ್ಲಿ ವ್ಯಾಪಾರವಲ್ಲವೆಂದು ವಿಧವೆಗೆ ಹೇಳಿದ ಆಟವು 1984ರಲ್ಲಿ ವ್ಯಾಪಾರದ ಕಾಯಿದೆಗೆ ಒಳಪಟ್ಟುದೆಂದು ಕಾಲೇಜುಗಳಿಗೆ ಅನುಕೂಲವಾಯಿತು!

ಹಣದ ವ್ಯಾಜ್ಯವು ಒಂದು ಬಗೆ. ಶಿಕ್ಷೆಯ ವ್ಯಾಜ್ಯವು ಇನ್ನೊಂದು ಬಗೆ. ನೆವಾಡದ ಲಾಸ್ ವೇಗಾಸ್ ವಿಶ್ವವಿದ್ಯಾನಿಲಯದಲ್ಲಿ ಜೆರಿ ಟಾರ್ಕೇನಿಯನ್ ಎಂಬವರು ಬ್ಯಾಸ್ಕೆಟ್‌ಬಾಲ್ ತಂಡದ ಶಿಕ್ಷಕರಾಗಿದ್ದರು. 1977ರಲ್ಲಿ ಸಂಘವು ಆ ವಿಶ್ವವಿದ್ಯಾನಿಲಯದ ಮೇಲೆ 38 ತಪ್ಪುಗಳನ್ನು ಹೊರಿಸಿ, ಅವುಗಳಲ್ಲಿ 10 ಈ ಶಿಕ್ಷಕರವೆಂದಿತು. ಅವರನ್ನು ಎರಡು ವರುಷ ಆಟದ ಕೆಲಸದಿಂದ ದೂರವಿಡದಿದ್ದರೆ ವಿಶ್ವವಿದ್ಯಾನಿಲಯಕ್ಕೆ ಇನ್ನೂ ಹೆಚ್ಚಿನ ಶಿಕ್ಷೆ ಏಕೆ ವಿಧಿಸಬಾರದೆಂದು ಕಾರಣ ಕೇಳಿತು. ಆರೋಪವನ್ನು ಶೋಧಿಸಿದುದೂ ಸಂಘ, ವಿಚಾರಿಸಿದುದೂ ಸಂಘ, ತೀರ್ಪಿತ್ತುದೂ ಸಂಘ. ಶಿಕ್ಷಕರು ನ್ಯಾಯಸ್ಥಾನದ ತಡೆಯಾಜ್ಞೆಯನ್ನು ತಂದರು. ಸರಕಾರವು ಒಬ್ಬನನ್ನು ದಂಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಸಂಘವೂ ಅನುಸರಿಸಬೇಕೆ ಎಂಬುದು ಪ್ರಶ್ನೆಯಾಯಿತು. 1988ರ ಡಿಸೆಂಬರಿನಲ್ಲಿ ಶ್ರೇಷ್ಠ ನ್ಯಾಯಸ್ಥಾನದ ಐವರು, ಸಂಘವು ಸರಕಾರವಲ್ಲ, ಖಾಸಗಿ ಸಂಸ್ಥೆ. ಆದುದರಿಂದ ಅದಕ್ಕೆ ಆ ಬಂಧನವಿಲ್ಲವೆಂದರು. ನಾಲ್ವರು ಒಪ್ಪಲಿಲ್ಲ, ಅವರ ಪರವಾಗಿ ಬರೆದವರು ಮತ್ತೆ ವೈಟರೇ. ಟಾರ್ಕೇನಿಯನ್ನರ ತಂಡವು 1990ರಲ್ಲಿ ಆ ಸಂಘವೇ ನಡೆಸುವ ಪಂದ್ಯಾವಳಿಯನ್ನು ಗೆದ್ದಿತು. ಮುಂದೆ ಅವರು ಹೂಡಿದ ಬೇರೊಂದು ದಾವೆಯನ್ನು 1998ರಲ್ಲಿ ಸಂಘವು 25 ಲಕ್ಷ ಡಾಲರು ಕೊಟ್ಟು ರಾಜಿಮಾಡಿಕೊಂಡಿತು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆಯು ಕಾಲೇಜಿನ ಆಟದ ವಿಷಯವಾಗಿಯಲ್ಲ, ಕ್ರಿಕೆಟ್ಟಿನ ವಿಷಯವಾಗಿ ಎದ್ದಿತು. ಪ್ರಸಾರದ ಹಕ್ಕಿನ ಬಗೆಗೆ ಜೀ ಟೆಲಿಫಿಲ್ಮ್ಸ್ ಕಂಪೆನಿಯು ತಂದ ವ್ಯವಹಾರದಲ್ಲಿ, ಭಾರತದ ಕ್ರಿಕೆಟ್ ನಿಯಂತ್ರಣ ಮಂಡಲಿಯು ಸಂವಿಧಾನದ 12ನೆಯ ಅನುಚ್ಛೇದದ ಅರ್ಥದಲ್ಲಿ ‘ರಾಜ್ಯ’ವಲ್ಲವೆಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು 2005ರಲ್ಲಿ ತೀರ್ಮಾನಿಸಿದರು. ಬಹುಮತದ ತೀರ್ಪನ್ನು ಬರೆದವರು, ಮುಂದೆ ಕರ್ನಾಟಕದ ಲೋಕಾಯುಕ್ತರಾದ ಸಂತೋಷ ಹೆಗ್ಡೆಯವರು. ಆದರೆ ಅವರು ಬಾಗಿಲನ್ನು ಪೂರಾ ಮುಚ್ಚಲಿಲ್ಲ. ಮಂಡಲಿಯಿಂದ ಅನ್ಯಾಯವಾದವನು 226ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದೆಂದರು. ಅಮೆರಿಕದ ತೀರ್ಪಿಗೂ ಇದಕ್ಕೂ ಇರುವ ಈ ಅಂತರವು ಸಣ್ಣದಲ್ಲ.

ಇನ್ನು ಅಮೆರಿಕದ ಹುಡುಗರ ಕಥೆಗೆ ಮರಳೋಣ. 1984ರ ತೀರ್ಪಿನಲ್ಲಿ ಸ್ಟೀವನ್ಸರು ಮಾತಿನ ಪ್ರಸಂಗದಲ್ಲಿ, ಕಾಲೇಜಿನ ಆಟಕ್ಕೆ ಅದರ ವಿಶಿಷ್ಟತೆಯು ಉಳಿಯಬೇಕಾದರೆ ಆಟಗಾರರಿಗೆ ಸಂಬಳ ಕೊಡಬಾರದು, ಅವರು ತರಗತಿಗೆ ಹೋಗಬೇಕು ಎಂಬರ್ಥದ ಕೆಲವು ಮಾತುಗಳನ್ನು ಬರೆದಿದ್ದರು. ಸೋತ ಸಂಘವು ಆ ಮಾತುಗಳನ್ನೇ ಗುರಾಣಿಯಾಗಿ ಹಿಡಿಯಿತು. ಆಟಗಾರರು ಯಾವಾಗ ದಾವೆ ತಂದರೂ ಶ್ರೇಷ್ಠ ನ್ಯಾಯಸ್ಥಾನವೇ ಸಂಬಳ ಕೂಡದೆಂದಿದೆ ಎಂದು ತೋರಿಸಿತು. ನಮ್ಮ ಮೀಮಾಂಸಕರು ವಾಕ್ಯಗಳಲ್ಲಿ ವಿಧಿಯೆಂದೂ ಅರ್ಥವಾದವೆಂದೂ ಭೇದವನ್ನು ಎಣಿಸುವರು. ಇದನ್ನು ಮಾಡತಕ್ಕುದೆಂದು ಕಟ್ಟುಪಡಿಸುವುದು ವಿಧಿ. ಹೊಗಳಿಯೋ ತೆಗಳಿಯೋ ಮನಸ್ಸನ್ನು ಅತ್ತ ತಿರುಗಿಸುವುದು ಅರ್ಥವಾದ. ಅರ್ಥವಾದವು ವಿಧಿಗೆ ಆಸರೆಯಾಗಬಲ್ಲುದೇ ಹೊರತು ತಾನೇ ವಿಧಿಯಾಗಲಾರದು. ಸಂಘವು ಮೂವತ್ತೇಳು ವರುಷ ಅರ್ಥವಾದವನ್ನು ವಿಧಿಯೆಂದು ಪಾರಾಯಣ ಮಾಡಿತು.

ಆ ಗುರಾಣಿಯಲ್ಲಿ ಮೊದಲನೆಯ ಬಿರುಕನ್ನು ತಂದವನು ಎಡ್ ಒಬ್ಯಾನನ್. 1995ರಲ್ಲಿ ತನ್ನ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿಯನ್ನು ಗೆದ್ದುಕೊಟ್ಟ ಈತನು, ವರುಷಗಳ ಮೇಲೆ, ಮಾರಾಟಕ್ಕಿದ್ದ ವಿಡಿಯೋ ಆಟವೊಂದರಲ್ಲಿ ತನ್ನದೇ ರೂಪವನ್ನು ಕಂಡನು. ತನ್ನ ರೂಪವನ್ನು ಮಾರಿ ಪರರು ಹಣಗಳಿಸುತ್ತಿರುವಾಗ ತನಗೆ ಕಾಸೂ ಇಲ್ಲವೆಂದು 2009ರಲ್ಲಿ ದಾವೆ ಹೂಡಿದನು. 2014ರಲ್ಲಿ ನ್ಯಾಯಾಧಿಪತಿ ಕ್ಲಾಡಿಯ ವಿಲ್ಕನ್ ಅವರು ಸಂಘದ ನಿಯಮವು ಪೈಪೋಟಿಯ ಕಾಯಿದೆಗೆ ವಿರುದ್ಧವೆಂದರು. ಆ ಬಳಿಕ ಶಾನ್ ಆಲ್ಸ್ಟನ್ ಮೊದಲಾದ ಆಟಗಾರರ ದಾವೆಯು ಶ್ರೇಷ್ಠ ನ್ಯಾಯಸ್ಥಾನಕ್ಕೆ ಏರಿತು. 2021ರ ಜೂನ್ 21ರಂದು ಒಂಬತ್ತು ಮಂದಿಯೂ ಏಕಮತದಿಂದ, ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಘವು ಮಿತಿ ಹಾಕುವಂತಿಲ್ಲವೆಂದರು. 1984ರ ಆ ಮಾತುಗಳು ಪ್ರಾಸಂಗಿಕವೇ ಹೊರತು ಆಟಗಾರರ ಸಂಬಳದ ಬಗೆಗಿನ ನಿರ್ಣಯವಲ್ಲವೆಂದು ನ್ಯಾಯಾಧಿಪತಿ ಗೋರ್ಸಚ್ಚರು ಬಿಡಿಸಿ ಬರೆದರು. ಅರ್ಥವಾದವು ಅರ್ಥವಾದವಾಗಿಯೇ ಉಳಿಯಿತು.

ಅನಂತರ ಕಟ್ಟೆಯು ಒಡೆಯಿತು. 2021ರ ಜುಲೈ 1ರಿಂದ ವಿದ್ಯಾರ್ಥಿಗಳು ತಮ್ಮ ಹೆಸರನ್ನೂ ಭಾವಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಸಂಘವು ಅನುಮತಿಸಿತು. ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನಲ್ಲಿ ನಡೆದ ದಾವೆಯು ರಾಜಿಯಾಗಿ, 2025ರ ಜೂನ್ 6ರಂದು ವಿಲ್ಕನ್ ಅವರು ಅದಕ್ಕೆ ಸಮ್ಮತಿಯಿತ್ತರು. ಇದರ ಮೇರೆಗೆ 2016ರಿಂದೀಚಿನ ಆಟಗಾರರಿಗೆ ಹತ್ತು ವರುಷಗಳಲ್ಲಿ ಸುಮಾರು 280 ಕೋಟಿ ಡಾಲರುಗಳನ್ನು ಹಂಚಬೇಕು. ಅಲ್ಲದೆ ಪ್ರತಿಯೊಂದು ಕಾಲೇಜೂ 2025ರ ಜುಲೈ 1ರಿಂದ ಮೊದಲನೆಯ ವರುಷದಲ್ಲಿ 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಕೊಡಬಹುದು. ಆದರೆ ಹಳೆಯ ಬಾಕಿಯಲ್ಲಿ ಬಹುಭಾಗವು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡಿದ ಗಂಡುಹುಡುಗರಿಗೆ ಹೋಗುವುದಾದ್ದರಿಂದ, ಸ್ತ್ರೀಪುರುಷರಲ್ಲಿ ಭೇದವೆಣಿಸಬಾರದೆಂಬ ಕಾಯಿದೆಗೆ ಇದು ವಿರುದ್ಧವೆಂದು ಕೆಲವು ಕ್ರೀಡಾಪಟುಗಳಾದ ತರುಣಿಯರು ಅದೇ ತಿಂಗಳು ಮೇಲ್ಮನವಿ ಸಲ್ಲಿಸಿದರು. ಒಬ್ಬರ ಬಾಕಿ ತೀರುವಾಗ ಇನ್ನೊಬ್ಬರ ಬಾಕಿ ಹುಟ್ಟಿತು.

ಅತ್ತ, 1984ರಲ್ಲಿ ಗೆದ್ದ ಕಾಲೇಜುಗಳ ಪಾಡೇನಾಯಿತು? ದೊಡ್ಡ ಸಂಘದ ಹಿಡಿತ ಸಡಿಲಿದ ಮೇಲೆ ಪ್ರಸಾರದ ಹಣವನ್ನು ಪ್ರಾಂತೀಯ ಕೂಟಗಳು ಕೈಗೆ ತೆಗೆದುಕೊಂಡುವು. ಹಳೆಯ ಜಗಳವು ಕೂಟಗಳ ಒಳಹೊಕ್ಕಿತು. ಅಟ್ಲಾಂಟಿಕ್ ಕೂಟದಲ್ಲಿದ್ದ ಫ್ಲಾರಿಡ ಸ್ಟೇಟ್ ವಿಶ್ವವಿದ್ಯಾನಿಲಯವು 2023ರ ಡಿಸೆಂಬರಿನಲ್ಲಿ ತನ್ನ ಕೂಟದ ಮೇಲೆ ದಾವೆ ಹೂಡಿತು. ಮರುವರುಷ ಕ್ಲೆಮ್ಸನ್ ವಿಶ್ವವಿದ್ಯಾನಿಲಯವೂ ಅದೇ ದಾರಿ ಹಿಡಿಯಿತು. 2025ರ ಮಾರ್ಚಿನಲ್ಲಿ ಆದ ರಾಜಿಯಂತೆ, ಪ್ರಸಾರದ ಹಣದಲ್ಲಿ ಒಂದು ಭಾಗವನ್ನು ಯಾರ ಆಟವನ್ನು ಹೆಚ್ಚು ಜನ ನೋಡುವರೋ ಅವರಿಗೆ ಹೆಚ್ಚಾಗಿ ಹಂಚತಕ್ಕುದೆಂದು ಗೊತ್ತಾಯಿತು. 200 ನಿಲಯಗಳ ಮತ್ತು ನಾಲ್ಕು ನಿಲಯಗಳ ಹಳೆಯ ತಕರಾರು ಇದೇ ಅಲ್ಲವೆ? ಪಶ್ಚಿಮ ತೀರದ ಪ್ಯಾಕ್-12 ಎಂಬ ಕೂಟದಲ್ಲಿ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಹೆಚ್ಚಿನ ಹಣವನ್ನು ಅರಸಿ 2024ರಲ್ಲಿ ಬಿಟ್ಟುಹೋದುವು. ಉಳಿದ ಎರಡು ಕಾಲೇಜುಗಳು ಕೂಟದ ಆಡಳಿತವು ತಮಗೇ ಸೇರಬೇಕೆಂದು ವಾಷಿಂಗ್ಟನ್ ಸಂಸ್ಥಾನದ ನ್ಯಾಯಸ್ಥಾನದಲ್ಲಿ ವಾದಿಸಿ 2023ರಲ್ಲಿಯೇ ಗೆದ್ದಿದ್ದುವು. ಮನೆಮಂದಿಯೆಲ್ಲ ಗಂಟುಕಟ್ಟಿ ಹೊರಟ ಮೇಲೆ ಬೀಗದಕೈ ದೊರೆತಂತಾಯಿತು. ಬಿಟ್ಟುಹೋದವುಗಳಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳು ಸೇರಿದುದು ಅಟ್ಲಾಂಟಿಕ್ ಕೂಟವನ್ನು. ಪೆಸಿಫಿಕ್ ಸಮುದ್ರದ ದಡದಲ್ಲಿ ಓದುವ ಮಕ್ಕಳು ಅಟ್ಲಾಂಟಿಕ್ ಸಮುದ್ರದ ದಡಕ್ಕೆ ಹೋಗಿ ಆಡಿಬರಬೇಕು. ನಡುವೆ ಪಾಠವನ್ನು ಯಾವಾಗ ಓದಬೇಕೋ ದೇವರೇ ಬಲ್ಲ.

ಇದರಿಂದ ನಾವು ಮನಗಾಣತಕ್ಕ ಸಂಗತಿಯು ಒಂದೇ. ಹುಡುಗರ ಪ್ರಾಣರಕ್ಷಣೆಗಾಗಿ ಹುಟ್ಟಿದ ಸಂಘವು, ಹಣ ಬಂದ ಮೇಲೆ, ಹುಡುಗರನ್ನು ಬಿಟ್ಟು ಮಿಕ್ಕವರೆಲ್ಲರ ಪಾಲನ್ನು ಲೆಕ್ಕಹಾಕಿತು. ದುಡಿದವನ ಮಾತನ್ನು ಕಟ್ಟಳೆ ಮಾಡುವವರ ಸಭೆಯಲ್ಲಿ ಕೇಳದಿದ್ದರೆ, ಅದನ್ನು ಕೇಳುವ ಕೆಲಸವು ತಡವಾಗಿಯಾದರೂ ನ್ಯಾಯಸ್ಥಾನಕ್ಕೆ ಬರುವುದು. ಅಷ್ಟು ಹೊತ್ತಿಗೆ ಅವನ ಯೌವನವು ಕಳೆದಿರುವುದು. ಸಂಘವೇ ಬೇಡವೆನ್ನುವುದು ನಮ್ಮ ಅಭಿಪ್ರಾಯವಲ್ಲ; ನಿಯಮವಿಲ್ಲದ ಆಟವು ಬರಿಯ ಬಡಿದಾಟ. ಆದರೆ ಕಟ್ಟಳೆಯನ್ನು ಮಾಡುವವನೂ, ತಪ್ಪನ್ನು ವಿಚಾರಿಸುವವನೂ, ಹಣದ ಗಂಟನ್ನು ಹಿಡಿದವನೂ ಒಬ್ಬನೇ ಆದರೆ ಬೇಲಿಯೇ ಎದ್ದು ಹೊಲ ಮೇಯುವ ಭಯ ಇದ್ದೇ ಇರುವುದು.

ನಮ್ಮ ಕಾಲೇಜುಗಳ ಆಟದಲ್ಲಿ ಅಷ್ಟು ಹಣವಿಲ್ಲವೆಂದು ಗೃಹಸ್ಥರು ನಿಶ್ಚಿಂತರಾಗಿ ಇರುವಂತಿಲ್ಲ. ವಿದ್ಯಾಶಾಲೆಯಲ್ಲಿ ಮೂರು ದಶಕಗಳಿಗೂ ಹೆಚ್ಚುಕಾಲ ಪಾಠ ಹೇಳಿದ ನಾವು ಬಲ್ಲಂತೆ, ಮಗನೋ ಮಗಳೋ ತಂಡಕ್ಕೆ ಆಯ್ಕೆಯಾದರೆಂದು ಕೇಳಿದೊಡನೆ ತಂದೆತಾಯಿಗಳು ಸಂತೋಷದ ಭರದಲ್ಲಿ ಮುಂದಿಟ್ಟ ಕಾಗದಕ್ಕೆಲ್ಲ ರುಜು ಹಾಕಿಬಿಡುವರು. ರುಜು ಹಾಕುವುದಕ್ಕೆ ಮುಂಚೆ ಮೂರು ಮಾತು ಕೇಳಬೇಕು: ಆಟದಲ್ಲಿ ಪೆಟ್ಟು ಬಿದ್ದರೆ ಔಷಧೋಪಚಾರದ ವೆಚ್ಚವು ಯಾರದು? ತಪ್ಪು ಹೊರಿಸಿ ತಂಡದಿಂದ ತೆಗೆದರೆ ಮಗುವಿನ ಮಾತನ್ನು ಕೇಳುವವರು ಯಾರು? ಆಟಕ್ಕಾಗಿ ತಪ್ಪಿದ ಪಾಠಗಳನ್ನು ಮರಳಿ ಹೇಳಿಕೊಡುವವರು ಯಾರು? ಈ ಮೂರಕ್ಕೂ ಉತ್ತರವನ್ನು ಕಾಗದದಲ್ಲಿ ಬರೆಯಿಸಿಕೊಂಡು, ಆಮೇಲೆ ಮಕ್ಕಳನ್ನು ಹರಸಿ ಅಂಗಳಕ್ಕೆ ಕಳುಹಿಸಬೇಕೆಂದು ನಮ್ಮ ಸೂಚನೆ.